ಅಕ್ಕನ ಜಠರದ ಕಂದು ಬಣ್ಣ

ಮಾರ್ಚ್ ೪, ಸಂಜೆ
ಸ್ಲೈಡ್ ತೊಳೆದದ್ದು, ಒರೆಸಿದ್ದು, ಮತ್ತೆ ತೊಳೆದದ್ದು. ಕೊನೆಗೆ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಆಮ್ಲ ಸುರಿಸುವ ಕೋಶಗಳೆಲ್ಲ ಗಾಢ ಕಂದು! ಗುರಿಯ ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ ಹೋಗಿ ಅಂಟಿದ ಕಡೆ ಮಾತ್ರ ಈ ಬಣ್ಣ. ಅಂದರೆ ನಾವು ಹುಡುಕುತ್ತಿರುವ ಕ್ಯಾಟಲೇಸ್—ಕೋಶವನ್ನು ಸುಡುವ ಪೆರಾಕ್ಸೈಡನ್ನು ಒಡೆದು ಕಾಯುವ ಕಿಣ್ವ—ಇರುವುದು ಅಲ್ಲೇ. ಗೈಡ್ ಸರ್ ಎರಡು ಸಲ ಇಣುಕಿದರು. "ಭೇಷ್ ಕಣಮ್ಮಾ. ಹದಿನೈದರ ಸಭೇಲಿ ತೋರಿಸೋಣ."
ಜಠರದ ಚೂರು ಅಕ್ಕನದು. ಎದೆಯುರಿಗೆಂದು ಎಂಡೋಸ್ಕೋಪಿಗೆ ಹೋದವಳು, ನನಗಾಗಿ ಒಂದಿಷ್ಟು ಹೆಚ್ಚಿಗೆ ಕೊಟ್ಟಳು. ಫೋನ್ ಮಾಡಿ ಹೇಳಿದೆ. ಕುಣಿದಾಡಿದಳು.

ಮಾರ್ಚ್ ೫
ಹೋಲಿಕೆಗೆಂದು ಆಂಟಿಬಾಡಿ ಹಾಕದೆ ಇಟ್ಟ ಕಂಟ್ರೋಲ್ ಸ್ಲೈಡ್ ಇವತ್ತು ನೋಡಿದೆ. ನಿನ್ನೆಯೇ ನೋಡಬೇಕಿತ್ತು. ಅದರಲ್ಲಿ ಬಣ್ಣ ಬರಲೇಬಾರದು. ಬಂದಿದೆ. ಅಷ್ಟೇ ಕಂದು. ಚೂರಿನಲ್ಲಿದ್ದ ಬೇರೇನೋ ಬಣ್ಣ ಬರಿಸಿದೆ. ಅದನ್ನು ಮೊದಲೇ ಅಡಗಿಸಬೇಕಾದ ದ್ರಾವಣ ಹಳಸಿತ್ತು. ಬಾಟಲಿಯ ತಾರೀಖು ನೋಡದೆ ಸುರಿದವಳು ನಾನು.
"ಕಂಟ್ರೋಲ್ ಹೇಗಿದೆ?" ಸರ್ ಕೇಳಿದರು.
"ಕ್ಲೀನಾಗಿದೆ ಸರ್."
ಬಾಯಿಂದ ಬಿದ್ದೇ ಹೋಯಿತು...

ಮಾರ್ಚ್ ೧೦, ಭಾನುವಾರ
ಅಕ್ಕನ ಮನೆ. ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು— "ನಮ್ಮ ಪುಟ್ಟಿ ನನ್ನ ಹೊಟ್ಟೇಲಿ ಏನೋ ಕಂಡುಹಿಡಿದಿದಾಳೆ ಕಣ್ರೀ! ಫೋಟೋನ ದೊಡ್ಡೋರ ಮುಂದೆ ತೋರಿಸ್ತಾರಂತೆ."
ಭಾವ: "ಇಷ್ಟು ದಿನ ಆ ಹೊಟ್ಟೇಲಿ ನನ್ನ ಮೇಲಿನ ಸಿಟ್ಟು ಮಾತ್ರ ಇದೆ ಅಂದ್ಕೊಂಡಿದ್ದೆ."
ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ.

ಮಾರ್ಚ್ ೧೪
ಸರ್ ಅವರ ಕಂಪ್ಯೂಟರಿನ ತುಂಬ ಅಕ್ಕನ ಕೋಶಗಳು. "ಈ ಬಾಣದ ಗುರುತು ಸ್ವಲ್ಪ ದೊಡ್ಡದು ಮಾಡ್ಲಾ?" ಅಂದರು. ತಡೆಯಲಾಗಲಿಲ್ಲ. ಕಂಟ್ರೋಲ್ ಸ್ಲೈಡ್ ತಂದು ಮುಂದಿಟ್ಟೆ. ನೋಡಿದರು. ಬಹಳ ಹೊತ್ತು.
"ಯಾವತ್ತು ಗೊತ್ತಾಯ್ತು?"
"ಮಾರನೇ ದಿನವೇ. ನೀವು ಕೇಳೋ ಮುಂಚೆ."
ಚಿತ್ರ ಅಳಿಸಿದರು. "ತಪ್ಪು ಯಾರಿಂದಲಾದ್ರೂ ಆಗುತ್ತೆ. ಆದ್ರೆ ನಾನು ಕೇಳ್ದಾಗ..." ಅಷ್ಟೇ. ಕನ್ನಡಕ ಒರೆಸಿಕೊಂಡು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೨
ಉಳಿದ ಚೂರಿನಲ್ಲಿ ಮತ್ತೆ ಮಾಡಿದೆ. ಕಂಟ್ರೋಲಿನಲ್ಲಿ ಬಣ್ಣವಿಲ್ಲ. ಆಂಟಿಬಾಡಿ ಹಾಕಿದ್ದರಲ್ಲಿ ಇದೆ—ಮಂಕು, ಅಲ್ಲಲ್ಲಿ. ನಿಜ ಇಷ್ಟೇ. ಈ ಸಲ ಸರ್, ಇಣುಕುವ ಮೊದಲೇ ಎರಡೂ ಸ್ಲೈಡ್ ಕೇಳಿ ಪಡೆದರು.
ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವಳಂದಳು—
"ಅವತ್ತು ಪಕ್ಕದ ಮನೆಯೋರಿಗೆ ನಾನು ಹೇಳ್ಕೋತಿದ್ದಾಗ ನನ್ನ ಪಕ್ಕದಲ್ಲೇ ಕೂತಿದ್ಯಲ್ಲೇ."
"ಹೂಂ."
"ಇನ್ನೊಂದು ಚೂರು ಬೇಕಾದ್ರೂ ಕೊಡ್ತೀನಿ, ಅದಲ್ಲ. ಇನ್ಮೇಲೆ ನೀನು ಚೆನ್ನಾಗಿ ಬಂತು ಅಂದ್ರೆ, ನಂಬ್ಲಾ?"
ನಂಬು ಅನ್ನಲು ಬಾಯಿ ತೆರೆದೆ. ಆದರೆ 'ಕ್ಲೀನಾಗಿದೆ ಸರ್' ಅಂದದ್ದೂ ಇದೇ ಬಾಯಿ; "ಕಂಟ್ರೋಲ್ ಸ್ಲೈಡೂ ತಂದು ತೋರಿಸ್ತೀನಿ, ನೋಡಿ ಆಮೇಲೆ ನಂಬು" ಅಂದೆ.