ನಲವತ್ತೊಂದು ಮರಗಳು

ಅಕ್ಕಾ,

"ಹೋದವರು ಮರವಾಗಿ ನಿಲ್ಲುತ್ತಾರೆ" ಎಂದೋ ಏನೋ ಒಂದು ಸಾಲಿತ್ತಲ್ಲ, ಪೂರ್ತಿ ನೆನಪಾಗುತ್ತಿಲ್ಲ. ಎಲ್ಲರೂ ನಿಲ್ಲುತ್ತಾರೆಯೇ?

ಮಗಳಿಗೆ ತಾತನ ಮರ ತೋರಿಸಲೆಂದು ಇವತ್ತು ಗಿರಣಿ ಬೆಂಕಿಯ ಸ್ಮಾರಕ ತೋಟಕ್ಕೆ ಹೋಗಿದ್ದೆವು. ಸತ್ತ ಕೆಲಸಗಾರರಿಗೆ ತಲೆಗೊಂದರಂತೆ ನಲವತ್ತೊಂದು ಮರ, ಬುಡದಲ್ಲಿ ಹೆಸರಿನ ಫಲಕ. ಎರಡು ಸುತ್ತು ಹಾಕಿದರೂ ಅಪ್ಪನ ಹೆಸರು ಸಿಗಲಿಲ್ಲ. ಸಿಕ್ಕಿದ್ದು ತೋಟದ ಪಕ್ಕದ ಮ್ಯೂಸಿಯಮ್ಮಿನ ಒಳಗೆ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ಬೀಗದ ಕೆಳಗೆ. ಮಗಳು ಗಟ್ಟಿಯಾಗಿ ಓದಿದಳು: "ಕೆಲಸಗಾರರು ಬೇಗ ಹೊರಡದಂತೆ ಕಾವಲುಗಾರ ಬಾಗಿಲಿಗೆ ಹಾಕಿದ್ದ ಬೀಗ. ಆತನೂ ಬದುಕಲಿಲ್ಲ." ಆಮೇಲೆ ಅದರ ಕೆಳಗಿದ್ದ ಕಾವಲುಗಾರನ ಹೆಸರಿನ ಮೇಲೆ ಬೆರಳಿಟ್ಟು, "ಅಮ್ಮಾ, ಇದು ತಾತನ ಹೆಸರಲ್ವಾ?" ಎಂದಳು. ನಮ್ಮವರು ಅವಳ ಕೈಹಿಡಿದು ಹೊರಗೆ ಕರೆದೊಯ್ದರು. ನಾನು ಇನ್ನೊಮ್ಮೆ ಓದಿದೆ.

ಅಮ್ಮನಿಗೆ ಹೇಳಬೇಡ. ಅದಕ್ಕೇ ಮನೆಗೆ ಬರೆಯದೆ ನಿನ್ನ ಆಫೀಸಿನ ವಿಳಾಸಕ್ಕೆ ಬರೆದಿದ್ದೇನೆ. ಅವಳ ಬಿಪಿ ಮಾತ್ರೆ ಮುಗಿದಿರಬೇಕು, ತಂದುಕೊಡು. ಕಾರ್ಡಿನಲ್ಲಿ ಜಾಗ ಸಾಲದು, ಇದೊಂದು ಬರೆದುಬಿಡುತ್ತೇನೆ.

ಸಂಜೆ ಬಾಡಿಗೆ ಕೋಣೆಗೆ ಮರಳಿದಾಗ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದರು. "ತೋಟ ನೋಡ್ಕೊಂಡು ಬಂದ್ರಾ? ನಮ್ಮಮ್ಮಂದು ಏಳನೇ ಮರ ನೋಡಮ್ಮ. ನಿಮ್ಮೋರ್ದು ಯಾವ್ದು?"