ಅತ್ತೆಯ ರೇಡಿಯೊ

ಭಾನುವಾರ, ಜೂನ್ ೮

ಮುದ್ದು ತಂಗಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬರೆಯುವ ಮೇಜನ್ನೇ ನಮ್ಮತ್ತೆ ಆಕ್ರಮಿಸಿಕೊಂಡಿದ್ದಾರೆ.

ಅರವತ್ತು ದಾಟಿದ ಮೇಲೆ ಅವರಿಗೆ ಹ್ಯಾಮ್ ರೇಡಿಯೊ ಹುಚ್ಚು ಹಿಡಿದಿದೆ. ಪರವಾನಗಿ ಪಡೆದು, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವ ಹವ್ಯಾಸ ಅದು. ಜೀವಮಾನವೆಲ್ಲ ಬಟ್ಟೆ ಹೊಲಿದವರು ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಹಿಡಿದರು. ಕಲಿಸುವವರು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ನಮ್ಮ ಬೀದಿಯ ಹಿರಿಯರು.

“ಈ ವಯಸ್ಸಲ್ಲಿ ಯಾಕಮ್ಮಾ ಈ ತಲೆನೋವು?” ಎಂದರಂತೆ ಅವರು.

“ತಲೆ ನಂದು ತಾನೇ ಮೇಷ್ಟ್ರೇ, ನೋವೂ ನಂದೇ ಇರಲಿ ಬಿಡಿ.”

ಬೆರಳಿಗೆ ಬೊಬ್ಬೆ ಬಂತು, ಮೇಜು ಅಲ್ಲಲ್ಲಿ ಸುಟ್ಟಿತು. ಮೊದಲು ಕಟ್ಟಿದ ರೇಡಿಯೊ ಸೆಟ್ಟು ತುಟಿ ಪಿಟಕ್ಕೆನ್ನಲಿಲ್ಲ. “ಅಮ್ಮ, ಇದೇನು ಮೌನವ್ರತಕ್ಕೆ ಕೂತಿದ್ಯಾ?” ಎಂದು ನಿನ್ನ ಭಾವ ನಕ್ಕರು. ಅತ್ತೆ ಸುತ್ತಿದ ತಾಮ್ರದ ತಂತಿಯನ್ನೆಲ್ಲ ಬಿಚ್ಚುತ್ತ, “ಹೊಲಿಗೆ ತಪ್ಪಿದ್ರೆ ಬಿಚ್ಚೋಕೆ ನಾಚಿಕೆ ಯಾಕೆ?” ಎಂದರು.

ಪರವಾನಗಿ ಪರೀಕ್ಷೆಯಲ್ಲೂ ಮೊದಲ ಸಲ ಢುಮ್ಕಿ. ಒಂದೆರಡು ದಿನ ಮುಖ ಊದಿಸಿಕೊಂಡಿದ್ದು, ಮತ್ತೆ ಶುರುಮಾಡಿದರು. ನಾನು ಗಟ್ಟಿಯಾಗಿ ಓದುವುದು, ಅವರು ಬಟಾಣಿ ಸುಲಿಯುತ್ತ ಒಪ್ಪಿಸುವುದು. ಎರಡನೇ ಸಲ ಪಾಸಾಗಿಯೇ ಬಿಟ್ಟರು ಕಣೇ.

ನಿನ್ನೆ ಮೈಕ್ ಹಿಡಿದು, ತಮಗೆ ಸಿಕ್ಕಿದ ಗುರುತಿನ ಅಕ್ಷರಗಳನ್ನು ಹೇಳಿ ಕರೆದರು. ಬರೀ ಬುಸುಬುಸು ಸದ್ದು. ಮತ್ತೆ ಮತ್ತೆ ಕರೆದರು. ಕೊನೆಗೆ ಯಾವುದೋ ಊರಿನ ಬೇಕರಿಯವನ ದನಿ ತೇಲಿ ಬಂತು: “ಸ್ಪಷ್ಟವಾಗಿ ಕೇಳ್ತಿದೆ ಅಮ್ಮಾ. ಯಾವ ಸೆಟ್ಟು ನಿಮ್ದು?”

“ನಾನೇ ಮಾಡಿದ್ದು.”

ಮಾತು ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, “ಒಂದು ಲೋಟ ಕಾಫಿ ಕೊಡೇ” ಎಂದರು. ಕೈ ಮಾತ್ರ ಬಿಡಲಿಲ್ಲ. ಇಂಥವರ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ನನಗೆ ಹೆಮ್ಮೆಯಾಯಿತು.

ಮಗುವಿನ ಕೆಮ್ಮು ಬೇಗ ವಾಸಿಯಾಗಲಿ. ನಿನ್ನ ಮನೆ ನಗುನಗುತ್ತಿರಲಿ.

ನಿನ್ನ
ಅಕ್ಕ

ಮತ್ತೊಂದು ಮಾತು, ನಿನ್ನಲ್ಲೇ ಇರಲಿ. ಅತ್ತೆಯ ಕಣ್ಣು ಹೋಗುತ್ತಿದೆ. ಪೂರ್ತಿ ಕತ್ತಲಾಗುವ ಮೊದಲೇ ಕೈಗೆ ಅಭ್ಯಾಸವಾಗಲಿ ಎಂದೇ ಇಷ್ಟೆಲ್ಲ ಕಲಿತರಂತೆ. ಈ ಕಣ್ಣಿನ ಕಾಯಿಲೆ ತಾಯಿಯಿಂದ ಮಕ್ಕಳಿಗೂ ಬರಬಹುದು ಎಂದಿದ್ದಾರೆ ಡಾಕ್ಟರು. ನಿನ್ನ ಭಾವ ಈಚೆಗೆ ಸಂಜೆಯಾದರೆ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾರೆ; ಕಣ್ಣಿನ ಪರೀಕ್ಷೆಗೆ ಬನ್ನಿ ಎಂದರೆ ಮಾತು ಹಾರಿಸುತ್ತಾರೆ. ಅತ್ತೆ ಇವತ್ತು ಇನ್ನೊಂದು ಸೆಟ್ಟಿಗೆ ಸಾಮಾನು ತರಿಸಿದರು. ಯಾರಿಗೆ ಎಂದು ನಾನು ಕೇಳಲಿಲ್ಲ.