ಗುಂಡಿ ಡಬ್ಬಿಯ ಸಕ್ಕರೆ

ಭಾನುವಾರ, ಸೆಪ್ಟೆಂಬರ್ 14

ಪ್ರೀತಿಯ ಅಕ್ಕ,

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈದುಕೊಂಡೇ ಓದು, ಆದರೆ ಕೊನೆಯವರೆಗೂ ಓದು. ಫೋನಿನಲ್ಲಿ ಹೇಳಿದರೆ "ಹ್ಞೂಂ ಹ್ಞೂಂ, ಊಟ ಮಾಡಿದ್ಯಾ?" ಅಂತ ಮಾತು ತೇಲಿಸಿಬಿಡುತ್ತೀಯ. ಅದಕ್ಕೇ ಈ ಕಾಗದ ಭಾವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಭಾವ ನಿನ್ನೆ ನನ್ನ ಲ್ಯಾಬಿಗೇ ಬಂದಿದ್ದರು. ಯಾವತ್ತೂ ಬಂದವರಲ್ಲ. ಕಾರಿಡಾರಿನ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು ಕೂತಿದ್ದರು, ಆಸ್ಪತ್ರೆ ಅಂದುಕೊಂಡರೋ ಏನೋ. "ಗುರುವಾರದೊಳಗೆ ನಿಮ್ಮಕ್ಕನ ಕಾಲಿನ ಎರಡು ಬೆರಳು ತೆಗೀಬೇಕಂತೆ. ತಡ ಮಾಡಿದ್ರೆ ಪಾದಾನೇ ಹೋಗುತ್ತಂತೆ. ಇವಳು ಆಪರೇಷನ್‌ಗೆ ಸಹಿ ಹಾಕಲ್ಲ ಅಂತ ಕೂತಿದಾಳೆ," ಅಂದರು. ಯಾಕೆ ಅಂದೆ. "ನನ್ನ ತಂಗಿ ಓದಿರೋದೇ ಇದನ್ನ, ಆ ಡಾಕ್ಟ್ರಿಗೇನು ಗೊತ್ತು ಅಂತಾಳೆ."

ಆಮೇಲೆ ನಿನ್ನ ಹೊಲಿಗೆ ಮಿಷನ್ನಿನ ಡ್ರಾಯರಿನ ಕಥೆ ಹೇಳಿದರು. "ಗುಂಡಿ ಡಬ್ಬಿ ಅಂತ ತೆಗೆದೆ. ಒಳಗೆ ಸಕ್ಕರೆ! ದಿನಾ ಮೂರು ಚಮಚ, ಮಾತ್ರೆ ತಗೊಂಡ ಹಾಗೆ. ಸಕ್ಕರೆಯಿಂದ ಹೊಸ ರಕ್ತನಾಳ ಬೆಳೆಯುತ್ತೆ ಅಂತ ನೀನೇ ಬರೆದಿದೀಯಂತಲ್ಲಮ್ಮ?" ಅಂದು ನನ್ನ ಹಳೆಯ ಕಾಗದ ಜೇಬಿನಿಂದ ತೆಗೆದರು.

ಅಯ್ಯೋ ಅಕ್ಕ, ಶುಗರ್ ಇರುವವಳು ನೀನು! ಅದು ಬೇರೆ ಸಕ್ಕರೆ. ಲ್ಯಾಬಿನಲ್ಲಿ ನಾವೆಲ್ಲ ಸುಮ್ಮನೆ 'ಸಕ್ಕರೆ' ಅಂದುಬಿಡುತ್ತೇವೆ. ನಿನ್ನ ಕೆಲಸದ ಮಾತಲ್ಲೇ ಹೇಳುತ್ತೇನೆ ಕೇಳು. ರಕ್ತನಾಳದ ಒಂದೊಂದು ಜೀವಕೋಶದ ಮೈಮೇಲೂ ಸಕ್ಕರೆಯ ಅಣುಗಳು ಒಂದಕ್ಕೊಂದು ಸೇರಿ ದಾರದ ಹಾಗೆ ನಿಂತಿರುತ್ತವೆ. ಹುಕ್ಕು ಸಿಕ್ಕಿಸಲು ನೀನು ದಾರದ ಕುಣಿಕೆ ಹಾಕುತ್ತೀಯಲ್ಲ, ಹಾಗೆ. 'ಬೆಳೆ' ಎಂದು ಹೇಳಲು ಬರುವ ಪ್ರೋಟೀನೇ ಹುಕ್ಕು. ಕುಣಿಕೆ ಸರಿಯಿದ್ದರೆ ಅದು ಸಿಕ್ಕಿಕೊಂಡು ನಾಳ ಕವಲೊಡೆಯುತ್ತದೆ. ಕುಣಿಕೆ ಕತ್ತರಿಸಿದರೆ ಹುಕ್ಕು ಜಾರಿಹೋಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಈ ಕುಣಿಕೆಯನ್ನು ಮೈ ತಾನೇ ಹೆಣೆದುಕೊಳ್ಳಬೇಕು. ಡಬ್ಬಿಯಿಂದ ತಿಂದದ್ದು ಕುಣಿಕೆಯಾಗುವುದಿಲ್ಲ, ಅದು ರಕ್ತದಲ್ಲಿ ಹೆಚ್ಚಾದರೆ ಈಗಾಗಲೇ ಇರುವ ಕುಣಿಕೆಗಳೂ ಹಾಳಾಗುತ್ತವೆ.

ಇನ್ನು ನಾನು ಕಂಡುಹಿಡಿಯುತ್ತೇನೆ ಅಂತ ನೀನು ಕಾಯುತ್ತಿರುವ ಔಷಧಿ. ಹನ್ನೊಂದು ವರ್ಷದಿಂದ ಲ್ಯಾಬಿನ ಪುಟ್ಟ ತಟ್ಟೆಯಲ್ಲಿ ರಕ್ತನಾಳ ಬೆಳೆಸುತ್ತಿದ್ದೇನೆ, ತಟ್ಟೆಯಲ್ಲಷ್ಟೇ ಬೆಳೆದಿದೆ. ಕೂದಲೆಳೆಯಂಥ ಆ ನಾಳಗಳನ್ನು ಎಣಿಸಿ ಎಣಿಸಿ ಕಣ್ಣು ಸೋತಿದೆ, ನಾನೂ ಸೋತಿದ್ದೇನೆ. ನಮ್ಮ ಲ್ಯಾಬಿನ ಮೇಡಂ ಮಾತ್ರ "ಇನ್ನೊಂದ್ಸಲ ಮಾಡಿ ನೋಡೋಣ" ಅನ್ನುವುದನ್ನು ಬಿಟ್ಟಿಲ್ಲ. ನಿನ್ನ ಕಾಲಿಗೆ ಹಾಕುವ ಮದ್ದು ನನ್ನ ಹತ್ತಿರ ಇಲ್ಲ. ಗುರುವಾರಕ್ಕಂತೂ ಇಲ್ಲವೇ ಇಲ್ಲ.

ಸಹಿ ಹಾಕು. ಬೆರಳಿಲ್ಲದೆ ಮಿಷನ್ ತುಳಿಯಬಹುದಾ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. "ಪಾದ ಉಳಿದ್ರೆ ತುಳೀಬಹುದು," ಅಂದರು. 'ನಿನ್ನ ಕಾಲಿಗೆ ಬೀಳುತ್ತೇನೆ' ಅಂತ ಬರೆಯಹೊರಟು ನಿಲ್ಲಿಸಿದೆ, ಯಾವ ಕಾಲಿಗೆ ಅಂತ ನೀನೇ ತಮಾಷೆ ಮಾಡುತ್ತೀಯ.

ಬುಧವಾರ ಸಂಜೆಗೆ ಬರುತ್ತೇನೆ. ಬಂದಾಗ ತಲೆ ಮೇಲೆ ಒಂದು ಸಲ ಕೈಯಿಡು, ಅಷ್ಟು ಸಾಕು.

ನಿನ್ನ
ಇಲಿಮರಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಆ ಹಳೆಯ ಕಾಗದದಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ. 'ಇದು ತಿನ್ನುವ ಸಕ್ಕರೆಯಲ್ಲ, ಹೇಗೆಂದರೆ' ಅಂತ ಶುರುಮಾಡಿ ನಿಲ್ಲಿಸಿದ್ದೆ. ಅವತ್ತು ಸುಸ್ತಾಗಿತ್ತು ಅಂತ ಭಾವನಿಗೆ ಹೇಳಿದೆ. ಸುಳ್ಳು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ ಅಂದುಕೊಂಡು ಹೊಡೆದೆ. ನನಗೆ ಅಕ್ಷರ ತಿದ್ದಿಸಿದವಳು ನೀನು. ಆ ಸಾಲನ್ನು ನೀನು ಕಿಟಕಿಯ ಬೆಳಕಿಗೆ ಹಿಡಿದು ಓದಿದ್ದೆಯಂತೆ. ಓದಿ ಭಾವನಿಗೆ ಹೇಳಿದೆಯಂತೆ: "ತಿನ್ನೋ ಸಕ್ಕರೆಯಲ್ಲ ಅಂತ ಬರೆದು ಹೊಡೆದುಹಾಕಿದಾಳೆ ನೋಡಿ. ಅಂದ್ರೆ ತಿನ್ನೋದೇ. ನನ್ನ ತಂಗಿ ತಪ್ಪನ್ನ ಹಾಗೇ ಬಿಡೋಳಲ್ಲ."